ಕ್ಯಾತ್ಸಂದ್ರದ ಶೆಡ್ಡಿನಲ್ಲಿ ಕ್ಲೋರಿನ್-37 ಹುಡುಕಾಟ: ಮನೆಯಲ್ಲಿ ಕಟ್ಟಿದ ಸ್ಪೆಕ್ಟ್ರೋಗ್ರಾಫ್

ಮೊದಲೇ ಹೇಳಿಬಿಡುತ್ತೇನೆ, ಈ ಪೆಟ್ಟಿಗೆಯನ್ನು, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಫೋಟೋ ತೆಗೆಯುವ ಸ್ಪೆಕ್ಟ್ರೋಗ್ರಾಫನ್ನು, ಒಂದೇ ಕೆಲಸಕ್ಕೆ ಕಟ್ಟಿದ್ದು. ಒಂದು ತಾಮ್ರದ ಪರಮಾಣು, ಒಂದು ಕ್ಲೋರಿನ್ ಪರಮಾಣು, ಇಷ್ಟೇ ಇರುವ ಕಾಪರ್ ಮೊನೊಕ್ಲೋರೈಡ್ ಅಣು ಜ್ವಾಲೆಯಲ್ಲಿ ನೀಲಿ ಬೆಳಕು ಕೊಡುತ್ತದೆ. ಪಟಾಕಿಯ ನೀಲಿಯೂ ಇದೇ. ಆ ನೀಲಿಯನ್ನು ಬಿಡಿಸಿ ನೋಡಿ, ಕ್ಲೋರಿನ್-35 ಇರುವ ಅಣು ಎಲ್ಲಿ, ಕ್ಲೋರಿನ್-37 ಇರುವ ಅಣು ಎಲ್ಲಿ ಅಂತ ಬೇರೆ ಬೇರೆಯಾಗಿ ಕಾಣಬೇಕು ಅನ್ನೋದು ಆಸೆ. ಎರಡೂ ಕ್ಲೋರಿನ್ನೇ, 37 ಸ್ವಲ್ಪ ಭಾರ, ಅಷ್ಟೇ. ಒಂದೇ ಧಾತುವಿನ ಇಂಥ ಭಾರ ಬೇರೆಯಾದ ಪರಮಾಣುಗಳಿಗೆ ಐಸೊಟೋಪ್ ಅನ್ನುತ್ತಾರೆ. ಪ್ರಿಸಂ ಹಿಡಿದು ಕಾಮನಬಿಲ್ಲು ನೋಡೋದು ಚೆನ್ನಾಗಿಯೇ ಇರುತ್ತದೆ, ಆದರೆ ಅದರಿಂದ ಅಳತೆ ಸಿಗುವುದಿಲ್ಲ.

ಗರಗಸ ಹಿಡಿಯೋ ಮೊದಲು ಲೆಕ್ಕ. ಅಣು ಬೆಳಕು ಬಿಡುವಾಗ ಎಲೆಕ್ಟ್ರಾನ್ ಒಂದೇ ಕೆಳಗಿಳಿಯುವುದಿಲ್ಲ, ಜೊತೆಗೆ ಎರಡು ಪರಮಾಣುಗಳ ನಡುವಿನ ಕಂಪನವೂ ಬದಲಾಗುತ್ತದೆ. ಈ ಅಣು ಕೆಳಗಿನ ಸ್ಥಿತಿಯಲ್ಲಿ ಸುಮಾರು 415 ವೇವ್‌ನಂಬರ್ ಕಂಪಿಸುತ್ತದೆ, ಶಕ್ತಿ ಜಾಸ್ತಿ ಇರುವ ಮೇಲಿನ 'ಡಿ' ಅನ್ನುವ ಸ್ಥಿತಿಯಲ್ಲಿ ಸುಮಾರು 393. ವೇವ್‌ನಂಬರ್ ಅಂದರೆ 1 ಸೆಂ.ಮೀ. ಉದ್ದದಲ್ಲಿ ಎಷ್ಟು ಅಲೆ ಹಿಡಿಯುತ್ತವೆ ಅನ್ನೋ ಲೆಕ್ಕ. ಕ್ಲೋರಿನ್ ಭಾರವಾದರೆ ಕಂಪನ ನಿಧಾನವಾಗುತ್ತದೆ, 35ರ ಬದಲು 37 ಕೂತರೆ ಸುಮಾರು 1.75% ನಿಧಾನ. ಇಷ್ಟು ಸಾಕು, ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತದೆ.

435.4 ನ್ಯಾನೊಮೀಟರ್ ಅಲೆಯುದ್ದದ ಹತ್ತಿರ ಒಂದು ಬ್ಯಾಂಡ್, ಅಂದರೆ ಬೆಳಕಿನ ಪಟ್ಟಿ ಇದೆ. ಅಲ್ಲಿ ಅಣು ಮೇಲೆಯೂ ಕೆಳಗೆಯೂ ಅತಿ ಕಡಿಮೆ ಕಂಪನದ ಮೆಟ್ಟಿಲಲ್ಲೇ ಇರುತ್ತದೆ. ಎರಡೂ ಕಡೆ ಬದಲಾವಣೆ ಹೆಚ್ಚೂಕಮ್ಮಿ ಒಂದೇ, ಕಳೆದರೆ ಏನೂ ಉಳಿಯುವುದಿಲ್ಲ, ಹಾಗಾಗಿ 35ಕ್ಕೂ 37ಕ್ಕೂ ವ್ಯತ್ಯಾಸವೇ ಕಾಣದು. 443.4ರ ಬ್ಯಾಂಡಿನಲ್ಲಿ ಅಣು ಕೆಳಗಿನ ಸ್ಥಿತಿಯ ತೀರಾ ತಳಕ್ಕೆ ಇಳಿಯದೆ ಒಂದು ಮೆಟ್ಟಿಲು ಮೇಲೇ ನಿಲ್ಲುತ್ತದೆ. ಅಲ್ಲಿ ಲೆಕ್ಕ ಹಾಕಿದರೆ 37ರ ಬ್ಯಾಂಡ್ ಸುಮಾರು 7.4 ವೇವ್‌ನಂಬರ್, ಅಂದರೆ 0.15 ನ್ಯಾನೊಮೀಟರ್‌ನಷ್ಟು ನೇರಳೆ ಕಡೆಗೆ ಸರಿಯಬೇಕು. 451.6ರಲ್ಲಿ ಎರಡು ಮೆಟ್ಟಿಲು, ಅಲ್ಲಿ ಸುಮಾರು 0.30. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ 0.15, ಮತ್ತೊಂದು ಕಡೆ ಅದರ ಎರಡರಷ್ಟು. ಮೂರೂ ಸರಿಹೋದರೆ ಮಾತ್ರ ನಂಬಬಹುದು. ಒಂದೇ ಬ್ಯಾಂಡಿನಲ್ಲಿ ಏನೋ ಉಬ್ಬು ಕಂಡಿತು ಅಂತ ಕುಣಿಯೋದು ಸುಮ್ನೆ.

ಇನ್ನೂ ಒಂದು ಅದೃಷ್ಟ ಇದೆ. ಈ ಅಣುವಿನ ಬ್ಯಾಂಡುಗಳಿಗೆ ನೇರಳೆ ಕಡೆ ಚೂಪಾದ ಅಂಚು, ಕೆಂಪು ಕಡೆ ಉದ್ದ ಬಾಲ. 37ರ ಅಂಚು ನೇರಳೆ ಕಡೆಗೆ ಸರಿದರೆ ಅದು ಮುಖ್ಯ ಅಂಚಿನ ಮುಂದಿನ ಕತ್ತಲಲ್ಲಿ ಒಂಟಿಯಾಗಿ ನಿಲ್ಲುತ್ತದೆ. 428.1ರ ಬ್ಯಾಂಡಿನಲ್ಲಿ ಉಲ್ಟಾ, ಅಲ್ಲಿ 37 ಕೆಂಪು ಕಡೆಗೆ ಸರಿದು ಬಾಲದೊಳಗೆ ಮುಳುಗಿಹೋಗುತ್ತದೆ. ಅದನ್ನು ಹುಡುಕಲು ಹೋಗಲೇ ಇಲ್ಲ.

ಹಾಗಾದರೆ ಬೇಕಾದ ಬಿಡಿಸುವ ಶಕ್ತಿ ಸುಮಾರು 0.1 ನ್ಯಾನೊಮೀಟರ್, ಇನ್ನೂ ಸ್ವಲ್ಪ ಕಡಿಮೆ ಆದರೆ ಒಳ್ಳೆಯದು. ಡಿವಿಡಿ ತುಂಡು ಮತ್ತು ಮೊಬೈಲ್ ಕ್ಯಾಮೆರಾದಲ್ಲಿ ಇದು ಆಗುವುದಿಲ್ಲ. ಮಿಲಿಮೀಟರಿಗೆ 1200 ಗೆರೆಯ, 25 ಮಿ.ಮೀ. ಚೌಕದ ರಿಫ್ಲೆಕ್ಷನ್ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಗೆರೆ ತುಂಬಿದ ಕನ್ನಡಿ) ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ದುಡ್ಡು ಖರ್ಚಾಗಿದ್ದು ಇದಕ್ಕೇ. ಇದರ ಮುಖಕ್ಕೆ ಬೆರಳು ತಾಗಿಸಬಾರದು, ಬಟ್ಟೆಯಲ್ಲಿ ಒರೆಸಲೂಬಾರದು, ಧೂಳು ಕೂತರೆ ಕೂತಿರಲಿ.

ಉಳಿದಿದ್ದು ಮನೆ ಸಾಮಾನು. ಒಂದು ಕಡೆ ಒಡೆದ 10×50 ಬೈನಾಕ್ಯುಲರ್ ಇತ್ತು, ಅದರ ಮುಂದಿನ ಮಸೂರದ ಫೋಕಸ್ ದೂರ ಸುಮಾರು 200 ಮಿ.ಮೀ. ಅದೇ ಕೊಲಿಮೇಟರ್ ಆಯಿತು, ಅಂದರೆ ಸ್ಲಿಟ್ (ಬೆಳಕು ಒಳಬರುವ ಕಿರಿದಾದ ಸಂದಿ) ದಾಟಿ ಬಂದ ಬೆಳಕನ್ನು ಸಮಾನಾಂತರ ಮಾಡುವ ಮಸೂರ. ಈ ಕಡೆ ಹಳೇ 135 ಮಿ.ಮೀ. ಮ್ಯಾನುಯಲ್ ಲೆನ್ಸು, ಅದರ ಹಿಂದೆ ಹಳೇ ಡಿಎಸ್‌ಎಲ್‌ಆರ್. ಕೊಲಿಮೇಟರಿಗೂ ಕ್ಯಾಮೆರಾಕ್ಕೂ ನಡುವಿನ ಕೋನ 35 ಡಿಗ್ರಿ. ಈ ಕೋನಕ್ಕೆ ಲೆಕ್ಕ ಹಾಕಿದರೆ 465 ನ್ಯಾನೊಮೀಟರ್ ನಡುವೆ ಬೀಳಬೇಕಾದರೆ ಗ್ರೇಟಿಂಗಿನ ಮುಖ ಹೆಚ್ಚೂಕಮ್ಮಿ ನೇರ ಕ್ಯಾಮೆರಾ ಕಡೆಗೇ ತಿರುಗಿರಬೇಕು. ಹಾಗೆ ಇಟ್ಟರೆ ಸೆನ್ಸರಿನ ಮೇಲೆ 1 ಮಿ.ಮೀ.ಗೆ 6.2 ನ್ಯಾನೊಮೀಟರ್, ಒಂದು ಪಿಕ್ಸೆಲ್‌ಗೆ 0.023. ಸೆನ್ಸರಿನ ಅಗಲಕ್ಕೆ 396ರಿಂದ 534ರವರೆಗೆ ಹಿಡಿಯುತ್ತದೆ. ನೀಲಿ ಪಿಕ್ಸೆಲ್ ಸಾಲಿನಲ್ಲಿ ಒಂದು ಬಿಟ್ಟು ಒಂದು ಬರುವುದರಿಂದ ನಿಜವಾಗಿ ಸಿಗೋದು 0.046ರ ಹೆಜ್ಜೆ. ಸ್ಲಿಟ್ಟನ್ನು ಒಂದು ಕೂದಲೆಳೆಯಷ್ಟು ಓರೆ ಮಾಡಿದರೆ ಬೇರೆ ಬೇರೆ ಸಾಲುಗಳಲ್ಲಿ ಗೆರೆ ಸ್ವಲ್ಪ ಸ್ವಲ್ಪ ಸರಿದು ಬೀಳುತ್ತದೆ, ಎಲ್ಲವನ್ನೂ ಸೇರಿಸಿದಾಗ ಆ ಕೊರತೆ ತುಂಬಿಕೊಳ್ಳುತ್ತದೆ.

ಪೆಟ್ಟಿಗೆಗೆ 18 ಮಿ.ಮೀ. ಪ್ಲೈವುಡ್. ಅಲ್ಯೂಮಿನಿಯಂ ಚೆನ್ನಾಗಿರುತ್ತದೆ ಅನ್ನುತ್ತಾರೆ, ಆದರೆ ಶೀಟಿನ ಛಾವಣಿಯ ಶೆಡ್ಡಿನಲ್ಲಿ ಮಧ್ಯಾಹ್ನಕ್ಕೂ ರಾತ್ರಿಗೂ ಇರುವ ಸೆಕೆಯ ವ್ಯತ್ಯಾಸ ನೋಡಿದರೆ ನನಗೆ ಮರವೇ ವಾಸಿ ಅನಿಸಿತು. ಒಳಗೆ ಕಪ್ಪು ಪೇಂಟ್ ಸಾಲದು. ಸೋಡಿಯಂನ ಹಳದಿ ಬೆಳಕು ಸೆನ್ಸರಿನ ಆಚೆ ಬಿದ್ದರೂ ಪೆಟ್ಟಿಗೆಯ ಗೋಡೆಗೆ ಬಡಿದು ಒಳಗೆಲ್ಲ ಮಂಜು ಕವಿದ ಹಾಗೆ ಮಾಡುತ್ತದೆ. ಟೈಲರ್ ಅಂಗಡಿಯಲ್ಲಿ ಉಳಿದ ಕಪ್ಪು ವೆಲ್ವೆಟ್ ಚೂರುಗಳನ್ನು ತಂದು ಗೋಡೆಗೆಲ್ಲ ಅಂಟಿಸಿದೆ. ಆಮೇಲೆ ಕತ್ತಲು ಅಂದರೆ ಕತ್ತಲು.

ಸ್ಲಿಟ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದ್ರೆ ಇಡೀ ಪೆಟ್ಟಿಗೆಯ ಹಣೆಬರಹ ಅಲ್ಲೇ ಇರೋದು. ಪೆನ್ಸಿಲ್ ಮೆಂಡರಿನ ಎರಡು ಬ್ಲೇಡು, ಒಂದು ಹಿತ್ತಾಳೆ ತಟ್ಟೆ. ತಟ್ಟೆಗೆ ತೂತು ಹಾಕಿಸಲು ಬಿ.ಎಚ್. ರಸ್ತೆ ಕಡೆಯ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿದ್ದ ಅಣ್ಣ ನನ್ನ ಚಿತ್ರ ನೋಡಿ, "ಇಷ್ಟು ಚಿಕ್ಕ ಕೆಲಸಕ್ಕೆ ಲೇತ್ ಯಾಕೆ ಸಾರ್, ಡ್ರಿಲ್‌ನಲ್ಲೇ ಆಗುತ್ತೆ, ಆದ್ರೆ ಬ್ಲೇಡ್ ಕೂರೋ ಜಾಗ ಮಾತ್ರ ಸಮ ಮಾಡಿಕೊಡ್ತೀನಿ, ಇಲ್ಲಾಂದ್ರೆ ಒಂದು ಕಡೆ ಎದ್ದು ನಿಲ್ಲುತ್ತೆ" ಅಂದರು. ಆ ಸಮ ಮಾಡಿದ್ದೇ ದೊಡ್ಡ ಉಪಕಾರ ಆಯಿತು. ಎರಡು ಬ್ಲೇಡಿನ ಅಂಚು ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಒಂದು ಫೋಕಸ್ ಆದಾಗ ಇನ್ನೊಂದು ಮಸುಕಾಗುತ್ತದೆ.

ಅಂತರ ಇಡಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್. ನಮ್ಮ ಮನೆಯ ಡಬ್ಬದ ಮೇಲೆ 11 ಮೈಕ್ರಾನ್ ಅಂತ ಬರೆದಿತ್ತು. ಎರಡು ಪದರ ಮಡಚಿ, ಸುಕ್ಕಿಲ್ಲದ ಹಾಗೆ ಚಮಚದ ಬೆನ್ನಲ್ಲಿ ಉಜ್ಜಿ, ಬ್ಲೇಡುಗಳ ನಡುವೆ ಇಟ್ಟು ಒತ್ತಿ ಸ್ಕ್ರೂ ಬಿಗಿ ಮಾಡಿ, ಆಮೇಲೆ ಫಾಯಿಲ್ ಎಳೆದು ತೆಗೆದರೆ 22 ಮೈಕ್ರಾನ್ ಆಸುಪಾಸಿನ ಸಂದಿ ಸಿಗುತ್ತದೆ. ಎಳೆಯುವಾಗ ನೇರ ಕೆಳಕ್ಕೆ ಎಳೆಯಬೇಕು. ಓರೆಯಾಗಿ ಎಳೆದರೆ ಫಾಯಿಲ್ ಹರಿದು ಚೂರು ಒಳಗೇ ಉಳಿಯುತ್ತದೆ. ಸಂದಿ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದೆಯಾ ಅಂತ ತಿಳಿಯಲು ಹಸಿರು ಲೇಸರ್ ಪಾಯಿಂಟರ್ ಹಾಯಿಸಿ ಗೋಡೆಯ ಮೇಲೆ ಬೀಳುವ ಪಟ್ಟಿಗಳನ್ನು ನೋಡಿ. ಪಟ್ಟಿಗಳು ಬೀಸಣಿಗೆ ತರ ಒಂದು ಕಡೆ ಅಗಲ ಆದರೆ ಬ್ಲೇಡ್ ಓರೆಯಾಗಿದೆ ಅಂತ ಅರ್ಥ.

ಮಸೂರಗಳ ಅನುಪಾತ, ಗ್ರೇಟಿಂಗಿನ ಓರೆ ಎಲ್ಲ ಸೇರಿಸಿದರೆ 22 ಮೈಕ್ರಾನಿನ ಸ್ಲಿಟ್ ಸೆನ್ಸರಿನ ಮೇಲೆ ಸುಮಾರು 12 ಮೈಕ್ರಾನ್ ಆಗುತ್ತದೆ, ಅಂದರೆ 0.075 ನ್ಯಾನೊಮೀಟರ್. ಲೆನ್ಸನ್ನು ಎಫ್/8ಕ್ಕೆ ಇಳಿಸಿ ಪಾದರಸದ ಗೆರೆ ಅಳೆದಾಗ ಸಿಕ್ಕಿದ್ದು 0.09. ಪ್ಲೈವುಡ್ ಪೆಟ್ಟಿಗೆಗೆ ಇದು ಸಾಕಷ್ಟೇ ಅಲ್ಲ, ಜಾಸ್ತಿಯೇ ಆಯಿತು.

ಪಾದರಸದ ಗೆರೆಗೆ ಹಳೇ ಸಿಎಫ್‌ಎಲ್ ಬಲ್ಬು. ಈಗ ಅಂಗಡಿಯಲ್ಲಿ ಎಲ್ಲ ಎಲ್‌ಇಡಿ, ಆದರೆ ಮನೆಯ ಅಟ್ಟದಲ್ಲಿ ಒಂದಾದರೂ ಸಿಎಫ್‌ಎಲ್ ಇರುತ್ತದೆ, ಎಸೆಯಬೇಡಿ. 404.66, 407.78, 435.83 ಚೆನ್ನಾಗಿ ಕಾಣುತ್ತವೆ. ಜಾಸ್ತಿ ಹೊತ್ತು ಎಕ್ಸ್‌ಪೋಸ್ ಮಾಡಿದರೆ 433.92, 434.75, ಆಚೆ 491.6 ಕೂಡ. 435.83 ನಮ್ಮ 435.4ರ ಬ್ಯಾಂಡಿನ ಪಕ್ಕದ ಮನೆ, ಹಾಗಾಗಿ ಅಲ್ಲಿ ಅಳತೆ ತಪ್ಪುವ ಪ್ರಶ್ನೆಯೇ ಇಲ್ಲ. ಆದರೆ 436ರಿಂದ 491ರವರೆಗೆ ನಡುವೆ ಖಾಲಿ. ಅದನ್ನು ಜ್ವಾಲೆಯೇ ತುಂಬಿಕೊಟ್ಟಿತು. ಗ್ಯಾಸ್ ಜ್ವಾಲೆಯ ಒಳಗಿನ ನೀಲಿ ಕೋನದಲ್ಲಿ ಎರಡು ಕಾರ್ಬನ್ ಸೇರಿದ ಅಣುವಿನ ಬ್ಯಾಂಡುಗಳಿವೆ, ಅವುಗಳಲ್ಲಿ 473.7 ಮತ್ತು 516.5ರ ಅಂಚು ಚೂಪಾಗಿರುತ್ತದೆ. ಇನ್ನೊಂದು ಗೆರೆ ಬೋರ್‌ವೆಲ್ ನೀರಿನಿಂದ. ನಮ್ಮ ಕಡೆಯ ನೀರಿನ ಗಡಸು ಗೊತ್ತಲ್ವಾ, ಬಿಂದಿಗೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಆ ನೀರನ್ನು ಜ್ವಾಲೆಗೆ ಊದಿದರೆ ಕ್ಯಾಲ್ಸಿಯಂನ 422.67 ತಾನಾಗಿ ಬರುತ್ತದೆ. ಅಂತೂ ಗಡಸು ನೀರಿನಿಂದ ಒಂದು ಉಪಯೋಗ ಆಯಿತು.

ಈಗ ಜ್ವಾಲೆ. ತಾಮ್ರದ ತಂತಿಯನ್ನು ಉಪ್ಪಿನಲ್ಲಿ ಅದ್ದಿ ಬೆಂಕಿಗೆ ಹಿಡಿದರೆ ನೀಲಿ-ಹಸಿರು ಕ್ಷಣ ಹೊತ್ತು ಕಂಡು ಹೋಗುತ್ತದೆ. ತಂತಿಯ ಮೇಲೆ ಹ್ಯಾಲೊಜನ್ (ಕ್ಲೋರಿನ್, ಬ್ರೋಮಿನ್ ಜಾತಿಯ ಧಾತು) ಇದೆಯಾ ಅಂತ ಹೀಗೆ ಪರೀಕ್ಷೆ ಮಾಡುವ ಕ್ರಮವನ್ನು ರಸಾಯನ ವಿಜ್ಞಾನಿ ಬೈಲ್‌ಸ್ಟೈನ್ 1872ರಲ್ಲಿ ಕೊಟ್ಟಿದ್ದು. ಕಣ್ಣಿಗೆ ಅಷ್ಟು ಸಾಕು, ಕ್ಯಾಮೆರಾಕ್ಕೆ ನಿಮಿಷಗಟ್ಟಲೆ ಅಲುಗದ ಬೆಳಕು ಬೇಕು. ಅಡುಗೆ ಉಪ್ಪು ಬೇಡ, ಸೋಡಿಯಂ ಕಾಟ. ವೈರಿನ ಪ್ಲಾಸ್ಟಿಕ್ ಸುಟ್ಟು ಕ್ಲೋರಿನ್ ತರುವ ಐಡಿಯಾ ಕೆಲವರು ಕೊಡುತ್ತಾರೆ, ಆ ಹೊಗೆ ವಿಷ, ಹತ್ತಿರ ಹೋಗಬೇಡಿ.

ನಾನು ಆರಿಸಿದ್ದು ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್). ಮೈಲುತುತ್ತದಿಂದ ತಾಮ್ರ, ನವಸಾಗರದಿಂದ ಕ್ಲೋರಿನ್, ಸೋಡಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗೊಬ್ಬರದ ಅಂಗಡಿಯಲ್ಲಿ ಮೈಲುತುತ್ತ ಕೇಳಿದರೆ "ಎಷ್ಟು ಅಡಿಕೆ ಮರ ಇದಾವೆ ಸಾರ್, ಸುಣ್ಣನೂ ಕೊಡ್ಲಾ?" ಅಂತ ಕೇಳಿದರು. ಬೋರ್ಡೋ ದ್ರಾವಣಕ್ಕೆ ಅಂದುಕೊಂಡಿರಬೇಕು, ಕಾಲು ಕೆಜಿ ಸಾಕು ಅಂದಾಗ ಮುಖ ನೋಡಿದರು. ನವಸಾಗರ ಮಂಡಿಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಸಿಕ್ಕಿತು. ಪಾತ್ರೆಗೆ ಕಲಾಯಿ ಹಾಕುವವರು ಬಳಸುವುದು ಅದನ್ನೇ. 100 ಮಿ.ಲೀ. ಬ್ಯಾಟರಿ ನೀರಿಗೆ 5 ಗ್ರಾಂ ಮೈಲುತುತ್ತ, 10 ಗ್ರಾಂ ನವಸಾಗರ. ಕರಗಿದ ಮೇಲೆ ಬಟ್ಟೆಯಲ್ಲಲ್ಲ, ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ, ಕಸ ಇದ್ದರೆ ಮುಂದೆ ಕಟ್ಟಿಕೊಳ್ಳುತ್ತದೆ. ಇದಕ್ಕೆ ಪಟಾಕಿ ಮದ್ದಿನ ಸಾಮಾನು ಏನನ್ನೂ ಸೇರಿಸಬೇಡಿ. ಅಮೋನಿಯಂ ಉಪ್ಪಿನ ಜೊತೆ ಪಟಾಕಿ ಮದ್ದಿನ ಕ್ಲೋರೇಟ್ ಸೇರುವುದು ಪ್ರಾಣಕ್ಕೇ ಅಪಾಯ.

ದ್ರಾವಣವನ್ನು ಜ್ವಾಲೆಗೆ ಸೇರಿಸಲು ಮಕ್ಕಳ ಕೆಮ್ಮಿಗೆ ಬಳಸುವ ನೆಬ್ಯುಲೈಸರ್. ಅದರ ಔಷಧಿ ಹಾಕುವ ಕಪ್ (ಬಟ್ಟಲು) ಬಿಡಿಯಾಗಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಅದರ ಮೇಲೆ ದೊಡ್ಡದಾಗಿ 'ವಿಷ' ಅಂತ ಬರೆದಿಡಿ, ಮತ್ತೆ ಯಾರ ಮುಖದ ಹತ್ತಿರವೂ ಅದು ಹೋಗಬಾರದು. ಕಪ್ಪಿನಿಂದ ಬರುವ ಮಂಜನ್ನು ಒಂದು ಟ್ಯೂಬಿನಲ್ಲಿ ಬನ್ಸೆನ್ ಬರ್ನರಿನ ಗಾಳಿ ತೂತಿಗೆ ಕೊಟ್ಟೆ. ಗ್ಯಾಸ್ ತಾನೇ ಎಳೆದುಕೊಳ್ಳುವ ಗಾಳಿಯ ಜೊತೆ ಮಂಜೂ ಹೋಗುತ್ತದೆ. ಹೊತ್ತಿಸಿದ ತಕ್ಷಣ ಇಡೀ ಜ್ವಾಲೆ ಒಂದೇ ಸಮ ನೀಲಿ-ಹಸಿರಾಯಿತು, ಅಲುಗಾಟ ಇಲ್ಲ, ಚಟಪಟ ಇಲ್ಲ. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದಲೇ "ಏನಪ್ಪಾ ಅದು, ದೇವಸ್ಥಾನದ ದೀಪದ ತರ ಇದೆ" ಅಂದರು. ಇದೆಲ್ಲ ಶೆಡ್ಡಿನ ಹೊರಗೆ, ಗಾಳಿ ಆಡುವ ಕಡೆ. ಬಿಳಿ ಹೊಗೆ ಬರುತ್ತದೆ, ಅದು ಗಂಟಲಿಗೆ ಕೆಡುಕು, ಮಾಸ್ಕ್ ಹಾಕಿಕೊಂಡು ಗಾಳಿ ಬರುವ ಕಡೆಗೇ ನಿಲ್ಲಬೇಕು.

ಜ್ವಾಲೆಯ ಯಾವ ಎತ್ತರವನ್ನು ಸ್ಲಿಟ್ಟಿನ ಮೇಲೆ ಬೀಳಿಸುತ್ತೀರಿ ಅನ್ನುವುದು ಮುಖ್ಯ. ಒಳ ಕೋನದ ಹತ್ತಿರ ಕಾರ್ಬನ್-ಹೈಡ್ರೋಜನ್ ಜೋಡಿಯ 431.4ರ ಬ್ಯಾಂಡ್ ಜೋರಾಗಿ ಬಂದು 428 ಮತ್ತು 433ರ ನಡುವೆ ಕೂರುತ್ತದೆ. ಸ್ವಲ್ಪ ಮೇಲೆ ಹೋದರೆ ಅದು ಮಾಯ, ಕಾಪರ್ ಕ್ಲೋರೈಡ್ ಉಳಿಯುತ್ತದೆ. ಇನ್ನೂ ಮೇಲೆ, ಹೊರಗಿನ ಗಾಳಿ ಸೇರುವ ಕಡೆ ತಾಮ್ರ ಕ್ಲೋರಿನ್ ಬಿಟ್ಟು ಆಕ್ಸಿಜನ್, ಹೈಡ್ರೋಜನ್ ಹಿಡಿದುಕೊಂಡು ಹಸಿರಾಗುತ್ತದೆ. ಒಳ್ಳೆ ನೀಲಿ ಪಟಾಕಿ ಮಾಡುವುದು ಕಷ್ಟ ಅನ್ನುವುದಕ್ಕೆ ಕಾರಣವೂ ಇದೇ ಜಾತಿಯದು. ಬಿಸಿ ಕಡಿಮೆಯಾದರೆ ಬೆಳಕು ಸಾಲದು, ಜಾಸ್ತಿಯಾದರೆ ಬೆಳಕು ಕೊಡುವ ಅಣುವೇ ಒಡೆದುಹೋಗುತ್ತದೆ. ನನಗೆ ಸರಿಬಂದಿದ್ದು ಒಳ ಕೋನದ ತುದಿಗಿಂತ ಒಂದೆರಡು ಬೆರಳಗಲ ಮೇಲೆ.

ಐಎಸ್‌ಒ 400, ಒಂದೊಂದು ಫ್ರೇಮ್ 30 ಸೆಕೆಂಡ್, ರಾ ಫೈಲ್. ಮುಂಚೆ ಒಂದು ಸಿಎಫ್‌ಎಲ್ ಫ್ರೇಮ್, ಕೊನೆಗೆ ಒಂದು. ಎರಡರ ನಡುವೆ ಗೆರೆ ಒಂದು ಪಿಕ್ಸೆಲ್‌ಗಿಂತ ಜಾಸ್ತಿ ಸರಿದಿದ್ದರೆ ಆ ಸೆಟ್ಟನ್ನೇ ಬಿಟ್ಟುಬಿಡುವುದು. ಮಧ್ಯಾಹ್ನ ತೆಗೆದ ಸೆಟ್ಟುಗಳು ಜಾಸ್ತಿ ಹೀಗೇ ಹೋದವು, ರಾತ್ರಿ ಊಟ ಆದ ಮೇಲೆ ತೆಗೆದವು ನಿಂತವು. ನೀಲಿ ಪಿಕ್ಸೆಲ್ ಮಾತ್ರ ತೆಗೆದುಕೊಂಡು, ಕತ್ತಲೆ ಫ್ರೇಮ್ ಕಳೆದು, ಪೈಥಾನ್‌ನಲ್ಲಿ ಸಾಲುಗಳನ್ನು ಓರೆಗೆ ತಕ್ಕ ಹಾಗೆ ಸರಿಸಿ ಕೂಡಿದೆ. ಜೆಪೆಗ್ ಬಳಸಿದರೆ ಕ್ಯಾಮೆರಾ ತಾನೇ ಅಂಚುಗಳನ್ನು ಚೂಪು ಮಾಡಿಬಿಡುತ್ತದೆ. ನಾವು ಹುಡುಕುತ್ತಿರುವುದೇ ಅಂಚಿನ ಪಕ್ಕದ ಸಣ್ಣ ಮೆಟ್ಟಿಲು, ಅದನ್ನು ಕ್ಯಾಮೆರಾ ಹುಟ್ಟಿಸಿದರೆ ಗೊತ್ತೇ ಆಗುವುದಿಲ್ಲ.

ಗ್ರಾಫ್ ತೆರೆದಾಗ ಬ್ಯಾಂಡುಗಳು ಜೋಡಿ ಜೋಡಿಯಾಗಿ ನಿಂತಿದ್ದವು. 425.9 ಮತ್ತು 428.1, 433.3 ಮತ್ತು 435.4, 441.2 ಮತ್ತು 443.4. ಪ್ರತಿ ಜೋಡಿಯಲ್ಲಿ ಮೊದಲನೆಯದು 'ಇ' ಅನ್ನುವ ಇನ್ನೊಂದು ಸ್ಥಿತಿಯಿಂದ, ಎರಡನೆಯದು 'ಡಿ'ಯಿಂದ. 435.4ರ ಅಂಚು ಗೋಡೆ ಎದ್ದ ಹಾಗೆ ನೇರ, ಮುಂದೆ ಏನೂ ಇಲ್ಲ. 443.4ಕ್ಕೆ ಬಂದರೆ ಅಂಚಿನ ಮುಂದೆ, 443.25ರಲ್ಲಿ ಒಂದು ಪುಟ್ಟ ಮೆಟ್ಟಿಲು. ಪ್ರಕೃತಿಯಲ್ಲಿ ಕ್ಲೋರಿನ್-35 ಸುಮಾರು 75.8%, 37 ಸುಮಾರು 24.2%, ಅಂದರೆ ಮೆಟ್ಟಿಲಿನ ಎತ್ತರ ಮುಖ್ಯ ಅಂಚಿನ ಮೂರನೇ ಒಂದರಷ್ಟು ಇರಬೇಕು. 441.2ರ ಬಾಲ ಅಡಿಯಲ್ಲಿ ಹರಡಿರುವುದರಿಂದ ಎಲ್ಲಿಂದ ಅಳೆಯಬೇಕು ಅನ್ನುವುದರಲ್ಲೇ ಜಗಳ ಇದೆ, ಆದರೂ ಆಸುಪಾಸು ಅಷ್ಟೇ ಬಂತು.

451.6ರದ್ದು ತೀರಾ ಮಂಕು. ಅದಕ್ಕಾಗಿ ಒಂದು ರಾತ್ರಿ ಪೂರ್ತಿ ಫ್ರೇಮ್ ಕೂಡಿಸಬೇಕಾಯಿತು, ನಡುವೆ ಕರೆಂಟ್ ಹೋಗಿ ನೆಬ್ಯುಲೈಸರ್ ನಿಂತು ಜ್ವಾಲೆ ಬಣ್ಣ ಕಳೆದುಕೊಂಡ ಫ್ರೇಮುಗಳನ್ನು ಆರಿಸಿ ಹೊರಗಿಡುವುದೇ ಬೇರೆ ಕೆಲಸ. ಕೊನೆಗೆ ಮೆಟ್ಟಿಲು ಕಂಡಿತು, 0.30 ದೂರದಲ್ಲೇ. ಇನ್ನೊಂದು ವಿಷಯವೂ ಕಂಡಿತು. ಇಲ್ಲಿ ಮುಖ್ಯ ಅಂಚೇ ಸ್ವಲ್ಪ ಮೊಂಡು. ತಾಮ್ರಕ್ಕೂ ಎರಡು ಐಸೊಟೋಪ್ ಇವೆಯಲ್ಲ, 63 ಸುಮಾರು 69%, 65 ಸುಮಾರು 31%. ಲೆಕ್ಕ ಹಾಕಿದರೆ ಈ ಬ್ಯಾಂಡಿನಲ್ಲಿ ತಾಮ್ರ-65ರ ಅಂಚು 0.09 ನ್ಯಾನೊಮೀಟರ್ ಮುಂದಿರಬೇಕು. ನನ್ನ ಪೆಟ್ಟಿಗೆಯ ಮಿತಿಯೂ ಸರಿಯಾಗಿ ಅಷ್ಟೇ. ಹಾಗಾಗಿ ಬೇರೆಯಾಗಿ ಕಾಣದೆ ಅಂಚನ್ನು ಮೊಂಡು ಮಾಡಿದೆ.

ಇದನ್ನು ಹೈ ರೆಸಲ್ಯೂಶನ್ ಅಂತ ಕರೆದರೆ ಆ ಕ್ಷೇತ್ರದವರು ನಗುತ್ತಾರೆ, ನಗಲಿ. ಅಣು ತಿರುಗುವುದರಿಂದ ಬರುವ ಬಿಡಿ ಗೆರೆಗಳು ಒಂದೊಂದು ಬ್ಯಾಂಡಿನೊಳಗೂ ತುಂಬಿರುತ್ತವೆ, ಅವುಗಳ ನಡುವಿನ ಅಂತರ ಸುಮಾರು 0.36 ವೇವ್‌ನಂಬರ್, ಅಂದರೆ 0.007 ನ್ಯಾನೊಮೀಟರ್. ಅದನ್ನು ಬಿಡಿಸಲು 65,000ದ ಆಸುಪಾಸಿನ ರಿಸಾಲ್ವಿಂಗ್ ಪವರ್ (ಅಲೆಯುದ್ದವನ್ನು ಬಿಡಿಸಬೇಕಾದ ಅಂತರದಿಂದ ಭಾಗಿಸಿದ ಸಂಖ್ಯೆ) ಬೇಕು. ನನ್ನ ಗ್ರೇಟಿಂಗಿನಲ್ಲಿರುವುದೇ ಒಟ್ಟು 30,000 ಗೆರೆ, ಮೊದಲ ಆರ್ಡರಿನಲ್ಲಿ (ಗ್ರೇಟಿಂಗ್ ಒಂದೇ ಬೆಳಕನ್ನು ಬೇರೆ ಬೇರೆ ಕೋನಗಳಲ್ಲಿ ಹಲವು ಸಲ ಬಿಡಿಸುತ್ತದೆ, ಅದರಲ್ಲಿ ಮೊದಲನೆಯದು) ಅದಕ್ಕಿಂತ ಜಾಸ್ತಿ ದೇವರು ಬಂದರೂ ಸಿಗದು. ದೊಡ್ಡವರು ಇದಕ್ಕೆ ಫೂರಿಯೆ ಟ್ರಾನ್ಸ್‌ಫಾರ್ಮ್ ಸ್ಪೆಕ್ಟ್ರೋಮೀಟರ್ (ಬೆಳಕನ್ನು ಎರಡು ಕಿರಣ ಮಾಡಿ ಮತ್ತೆ ಬೆರೆಸಿ ಅಳೆಯುವ ಯಂತ್ರ) ಬಳಸುತ್ತಾರೆ. ಅಮೆರಿಕದ ಕಿಟ್ ಪೀಕ್‌ನ ಮೆಕ್‌ಮ್ಯಾತ್-ಪಿಯರ್ಸ್ ಸೌರ ದೂರದರ್ಶಕದಲ್ಲಿದ್ದ ಅಂಥ ಯಂತ್ರದಲ್ಲಿ ರಾಮ್, ಬರ್ನಾತ್ ಮುಂತಾದ ವಿಜ್ಞಾನಿಗಳು ಇಂಥ ಲೋಹದ ಹ್ಯಾಲೈಡುಗಳ ಸ್ಪೆಕ್ಟ್ರಮ್ ಸಾಲುಸಾಲಾಗಿ ತೆಗೆದಿದ್ದಾರೆ.

ಅಂದಹಾಗೆ ಕಾಪರ್ ಕ್ಲೋರೈಡ್ ಪಕ್ಕಾ ರ‍್ಯಾಡಿಕಲ್ ಅಲ್ಲ, ಅಂದರೆ ಒಂಟಿ ಎಲೆಕ್ಟ್ರಾನ್ ಇರುವ ಅಣು ಅಲ್ಲ, ಅದರ ಎಲೆಕ್ಟ್ರಾನುಗಳೆಲ್ಲ ಜೋಡಿಯಾಗಿವೆ. ನನಗೆ ಅನುಕೂಲವಾಗಿದ್ದೂ ಅದೇ. ನಿಕ್ಕಲ್ ಕ್ಲೋರೈಡ್ ಅಣುವಿನಲ್ಲಿ ಒಂದು ಒಂಟಿ ಎಲೆಕ್ಟ್ರಾನ್, ಟೈಟೇನಿಯಂನದರಲ್ಲಿ ಮೂರು, ಕಬ್ಬಿಣದ್ದರಲ್ಲಿ ಐದು. ಒಂಟಿಗಳು ಜಾಸ್ತಿಯಾದಷ್ಟೂ ಒಂದು ಬ್ಯಾಂಡ್ ಹಲವು ತುಂಡಾಗಿ ಒಂದರ ಮೇಲೊಂದು ಬೀಳುತ್ತದೆ, 0.09ರ ಪೆಟ್ಟಿಗೆಗೆ ಅದು ಬರೀ ಮಸಿ. ನಿಕ್ಕಲ್ ಟ್ರೈ ಮಾಡಿ ಅಂತ ಒಬ್ಬರು ಹೇಳಿದರು. ನಿಕ್ಕಲ್ ಉಪ್ಪು ಉಸಿರಿಗೆ ಹೋದರೆ ಕ್ಯಾನ್ಸರ್ ತರುವಂಥದ್ದು, ಅದನ್ನು ಮಂಜು ಮಾಡಿ ಊದುವ ಮಾತೇ ಬೇಡ.

ಈಗ ಗ್ರೇಟಿಂಗನ್ನು ಎರಡನೇ ಆರ್ಡರಿಗೆ ತಿರುಗಿಸಿದ್ದೇನೆ. ಅದೇ ಸ್ಲಿಟ್, ಅದೇ ಲೆನ್ಸ್, ಆದರೆ ಮಿಲಿಮೀಟರಿಗೆ 3 ನ್ಯಾನೊಮೀಟರ್ ಮಾತ್ರ, ಲೆಕ್ಕದ ಪ್ರಕಾರ 0.03ರವರೆಗೆ ಬಿಡಿಸಬೇಕು. 443.4ರಲ್ಲಿ ತಾಮ್ರ-65ರ ಅಂಚು 0.046 ದೂರ, ಹಾಗಾಗಿ ಅದು ಸಿಗಬೇಕು. ಪಾದರಸದ 435.83 ಸದ್ಯಕ್ಕೆ 0.04ಕ್ಕೆ ಬಂದಿದೆ, ಬೆಳಕು ಮಾತ್ರ ತುಂಬಾ ಕಡಿಮೆ. ನವಸಾಗರ ಒಣಗಿ ನೆಬ್ಯುಲೈಸರಿನ ಸಣ್ಣ ತೂತು ಕಟ್ಟಿಕೊಂಡಿದೆ, ಬಿಸಿನೀರಲ್ಲಿ ನೆನೆಹಾಕಿದ್ದೇನೆ. ಉಳಿದ ದ್ರಾವಣವನ್ನು ಮೋರಿಗೆ ಚೆಲ್ಲಬೇಡಿ. ಒಂದು ಹಿಡಿ ಕಬ್ಬಿಣದ ಮೊಳೆ ಹಾಕಿ ಎರಡು ದಿನ ಬಿಟ್ಟರೆ ತಾಮ್ರ ಕೆಂಪು ಪುಡಿಯಾಗಿ ಮೊಳೆಗೆ ಅಂಟಿಕೊಳ್ಳುತ್ತದೆ, ನೀಲಿ ಬಣ್ಣ ಪೂರ್ತಿ ಹೋಗುವವರೆಗೆ ಹಾಗೇ ಬಿಡಿ.